ಎತ್ತರಕ್ಕೆ ಒಪ್ಪುವ ಅಡುಗೆಕಟ್ಟೆ: ಜೂಲಿಯಾ ಚೈಲ್ಡ್ ಅವರ ಜಲವರ್ಣ ಕ್ಯಾರಿಕೇಚರ್

ಕಳೆದ ತಿಂಗಳು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ, ಕಲಾಸಂತೆಯೊಂದರಲ್ಲಿ ಕೊಂಡ ಚಿತ್ರವಿದು, ಅಮೆರಿಕದ ಹೆಸರಾಂತ ಟಿವಿ ಅಡುಗೆಗಾರ್ತಿ ಜೂಲಿಯಾ ಚೈಲ್ಡ್ ಅವರದು. 9 ಇಂಚು ಅಗಲ, 12 ಇಂಚು ಎತ್ತರ. ಮುದ್ರಿತ ಪ್ರತಿಯಲ್ಲ, ಕಲಾವಿದೆ ಕೈಯಾರೆ ಬರೆದ ಮೂಲಚಿತ್ರ. 120 ಡಾಲರ್ ಕೊಟ್ಟೆ; ಇನ್ನೂ ಕೇಳಿದ್ದರೂ ಕೊಡುತ್ತಿದ್ದೆ.

ಜೂಲಿಯಾ ಅವರ ಎತ್ತರ 6 ಅಡಿ 2 ಇಂಚು. ಕಲಾವಿದೆ ಅದನ್ನು ಇನ್ನಷ್ಟು ಎಳೆದಿದ್ದಾರೆ: ಗುಂಗುರು ಕೂದಲು ಚಿತ್ರದ ಗಡಿಗೆರೆಯನ್ನು ದಾಟಿ ಕಾಗದದ ಬಿಳಿ ಅಂಚಿಗೆ ಹೋಗಿದೆ. ಆದರೂ ಬೆನ್ನು ಬಗ್ಗಿಲ್ಲ, ಏಕೆಂದರೆ ಅಡುಗೆಕಟ್ಟೆಯೂ ಆಕೆಯ ಜೊತೆಗೇ ಎದ್ದಿದೆ. ಇದು ಬರಿಯ ಕಲ್ಪನೆಯಲ್ಲ. 1961ರಲ್ಲಿ ಕೇಂಬ್ರಿಜ್‌ನ ಮನೆಯ ಅಡುಗೆಮನೆಯನ್ನು ಸಿದ್ಧಪಡಿಸುವಾಗ ಪತಿ ಪಾಲ್, ರೂಢಿಯ 36 ಇಂಚು ಬಿಟ್ಟು 38 ಇಂಚಿನ ಕಟ್ಟೆ ಮಾಡಿಸಿದ್ದರು. ನಾನೂ ಎತ್ತರದವಳು. ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮನೂ ನಾನೂ ಬಗ್ಗಿಯೇ ದೋಸೆ ಹೊಯ್ದವರು. ಹಬ್ಬದ ದಿನ ಸಂಜೆಯ ಹೊತ್ತಿಗೆ ಅಮ್ಮನ ಸೊಂಟ ಹಿಡಿದುಕೊಳ್ಳುತ್ತಿತ್ತು. ಆ 2 ಇಂಚಿನ ಬೆಲೆ ನನಗೆ ಗೊತ್ತು.

ಹಿಂಬದಿಯ ಗೋಡೆಯಲ್ಲಿ ಪಾತ್ರೆ ತೂಗುಹಾಕುವ ನೀಲಿ-ಹಸಿರು ಹಲಗೆಯಿದೆ. ಯಾವ ಪಾತ್ರೆ ಎಲ್ಲಿಗೆ ಎಂದು ತಿಳಿಯಲು ಪಾಲ್ ಪ್ರತಿಯೊಂದರ ಹೊರಗೆರೆಯನ್ನೂ ಅದರ ಮೇಲೆ ಬರೆದಿದ್ದರು. ಚಿತ್ರದಲ್ಲಿ ಒಂದು ಕೊಕ್ಕೆ ಖಾಲಿ. ಅಲ್ಲಿ ಬಾಣಲೆಯ ಹೊರಗೆರೆ ಮಾತ್ರ ಇದೆ. ಬಾಣಲೆ ಜೂಲಿಯಾ ಅವರ ಕೈಯಲ್ಲಿದೆ! ನಾನು ಇದನ್ನು ಗಮನಿಸಿದ್ದು ಒಂದು ವಾರದ ಮೇಲೆ. ಆ ಅಡುಗೆಮನೆ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಕಣ್ಣಾರೆ ಕಂಡ ಬಣ್ಣವೇ ಇಲ್ಲಿಯೂ ಇದೆ.

ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ತಾಮ್ರದ ಪಾತ್ರೆಗಳ ಹೊಳಪೆಲ್ಲ ಇಲ್ಲಿ ಬಣ್ಣ ತಾಗದ ಕಾಗದವೇ. ಕಂದುಬಣ್ಣ ಹಸಿಯಿರುವಾಗಲೇ ಒಂದು ಹನಿ ನೀಲಿ ಬಿಟ್ಟಿದ್ದರಿಂದ ತಳದ ಮಸಿ ತಾನಾಗಿ ಹರಡಿದೆ. ಹಬೆ ತೋರಿಸಲು ಬಣ್ಣವನ್ನು ಒದ್ದೆ ಬಟ್ಟೆಯಿಂದ ಒತ್ತಿ ತೆಗೆದಿರಬೇಕು, ಅಂಚೇ ಕಾಣುವುದಿಲ್ಲ. ಅಂಗಿಯ ಮೇಲಿನ ಬಿಲ್ಲೆ, ಪ್ಯಾರಿಸ್‌ನಲ್ಲಿ ಇಬ್ಬರು ಗೆಳತಿಯರೊಡನೆ ನಡೆಸಿದ ಅಡುಗೆ ಶಾಲೆಯದು, ಬೇಳೆಕಾಳಿನಷ್ಟಿದೆ. ಬಾಯಿ ಅರ್ಧ ತೆರೆದಿದೆ. 1963ರಿಂದ ಬಾಸ್ಟನ್‌ನ ಟಿವಿ ವಾಹಿನಿಯಲ್ಲಿ ಫ್ರೆಂಚ್ ಅಡುಗೆ ಕಲಿಸಿದ ಆ ಏರುದನಿ ಕೇಳಿದಂತಾಗುತ್ತದೆ.

ಎಡಗೈ ಮಾತ್ರ ಸೋತಿದೆ. ಒಣಗುವ ಮೊದಲೇ ಬಣ್ಣದ ಮೇಲೆ ಬಣ್ಣ ಬಿದ್ದು ಬೆರಳುಗಳು ಕೆಸರಾಗಿವೆ. ಕೋಳಿ ಹಿಡಿದು, ಬೆಣ್ಣೆ ಸವರಿ ಜನರಿಗೆ ಪರಿಚಿತವಾದ ಕೈಗಳವು. ಅಲ್ಲಿ ತಾಳ್ಮೆ ಬೇಕಿತ್ತು.

ಕಟ್ಟು ಹಾಕಿಸುವವರು ಒಂದು ಎಚ್ಚರ ವಹಿಸಬೇಕು. ನಮ್ಮೂರಿನ ಅಂಗಡಿಯವರು ಚಿತ್ರದ ಸುತ್ತ ಕೂರಿಸುವ ಒಳರಟ್ಟನ್ನು ಗಡಿಗೆರೆಗೇ ಕತ್ತರಿಸಿ, ಹೊರಚಾಚಿದ ಕೂದಲನ್ನು ಮುಚ್ಚಿಬಿಟ್ಟರು. ಇನ್ನೊಮ್ಮೆ ಹಣ ಕೊಟ್ಟು ಬೇರೆ ರಟ್ಟು ಹಾಕಿಸಿದೆ. ಹಬೆ ತಾಗಬಾರದೆಂದು ಒಲೆಯ ಬಳಿ ತೂಗುಹಾಕಲಿಲ್ಲ. ಊಟದ ಕೋಣೆಯ ಗೋಡೆಯಲ್ಲಿದೆ, ದೋಸೆ ಮಗುಚುವಾಗ ತಲೆಯೆತ್ತಿದರೆ ಕಾಣುವಂತೆ.