ಶಿಹ್ ತ್ಸು ನಾಯಿಗೆ ಸ್ಟೀಲ್ ಹಣಿಗೆ: 3 ವರ್ಷ ಬಳಸಿದ ಮೇಲೆ

ಬಾಗಲಕೋಟೆ ನವನಗರದಲ್ಲಿ ನಮ್ಮ ಶಿಹ್ ತ್ಸು ಬೆಣ್ಣಿಯನ್ನು ವಾಕಿಂಗ್ ಕರೆದುಕೊಂಡು ಹೊರಟರೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಮುಧೋಳ ನಾಯಿ ಬಿಟ್ಟು ಇದನ್ಯಾಕ ತಂದ್ರಿ?" ಕೇಳುವುದೂ ಸರಿಯೇ. ಮುಧೋಳ ನಾಯಿಯ ಮೈಗೆ ಒದ್ದೆ ಬಟ್ಟೆ ಆಡಿಸಿದರೆ ಮುಗಿಯಿತು. ಶಿಹ್ ತ್ಸು ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಉದುರುವುದು ಕಡಿಮೆ, ನಿಜ. ಆದರೆ ಉದುರಿದ್ದು ನೆಲಕ್ಕೆ ಬೀಳದೆ ಒಳಗೇ ಸಿಕ್ಕಿಕೊಂಡು ಗಂಟಾಗುತ್ತದೆ. ಮರಿ ಮಾರುವವರು ಇದನ್ನು ಹೇಳುವುದಿಲ್ಲ.

ಬೆಣ್ಣಿ ಮರಿಯಾಗಿದ್ದಾಗ ಆನ್‌ಲೈನ್‌ನಲ್ಲಿ ಸ್ಲಿಕ್ಕರ್ ಬ್ರಷ್ (ರಬ್ಬರ್ ಮೇಲೆ ಸಣ್ಣ ತಂತಿ ಹಲ್ಲುಗಳಿರುವ ಬ್ರಷ್), ಟ್ರಿಮ್ಮರ್ ತರಿಸಿದ್ದೆ. ಜೊತೆಗೆ 250 ರೂಪಾಯಿಯ ಈ ಹಣಿಗೆ. ಅರ್ಧ ಅಗಲ ಹಲ್ಲು, ಅರ್ಧ ಒತ್ತು ಹಲ್ಲು. ಸುಮ್ನೆ ಇರಲಿ ಅಂತ ಹಾಕಿದ್ದು.

ಮೊದಮೊದಲು ಬ್ರಷ್ ಒಂದನ್ನೇ ಬಳಸಿದೆ. ನೋಡಿದರೆ ರೇಷ್ಮೆ. ಬೆಣ್ಣಿಗೆ 10 ತಿಂಗಳಾಗಿ, ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ ಹೊತ್ತಿಗೆ ಒಂದು ಭಾನುವಾರ ಸ್ನಾನ ಮಾಡಿಸಿದೆ. ಒಣಗಿದ ಮೇಲೆ ಕಿವಿ ಹಿಂದೆ ಕೈಯಿಟ್ಟರೆ ಕಂಬಳಿ ಚೂರು ಮುಟ್ಟಿದಂತಾಯಿತು. ಬ್ರಷ್ ಮೇಲಷ್ಟೇ ಸವರಿತ್ತು. ಒಳಗಿನ ಸಿಕ್ಕು ನೀರು ಬಿದ್ದು ಬಿಗಿದುಕೊಂಡಿತ್ತು. ಕೊನೆಗೆ ಡಾಕ್ಟರೇ ಮಷಿನ್ ಹಿಡಿದು ತೆಗೆದರು. ಕೆಳಗೆ ಚರ್ಮ ಕೆಂಪಗಾಗಿತ್ತು. ತಪ್ಪು ನನ್ನದೇ.

ಆಮೇಲೆ ಹಣಿಗೆ ಕೈಗೆ ಬಂತು. ಬೈತಲೆ ತೆಗೆದಂತೆ ಸಾಲು ಬಿಡಿಸಿಕೊಂಡು, ಬುಡದಲ್ಲಿ ಎರಡು ಬೆರಳಿಂದ ಹಿಡಿದರೆ ಚರ್ಮ ಜಗ್ಗುವುದಿಲ್ಲ. ಅವ್ವ ನೋಡಿ, "ತುದಿಯಿಂದ ಬಿಡಸ. ನಿನಗ ಜಡಿ ಹಾಕುವಾಗ ಬುಡಕ್ಕ ಹಣಿಗಿ ಇಟ್ರ ಊರು ಒಂದ್ ಮಾಡ್ತಿದ್ದಿ" ಅಂದಳು. ಹಣಿಗೆ ಎಲ್ಲಿ ನಿಂತಿತೋ ಅಲ್ಲಿ ಗಂಟು. ಕಿವಿ ಹಿಂದೆ, ಕಂಕುಳು, ಕೊರಳಪಟ್ಟಿ ಕೆಳಗೆ ಜಾಸ್ತಿ. ಹಣಿಗೆ ಸರಾಗ ಹೋಗದಿದ್ದರೆ ಆ ದಿನ ಸ್ನಾನ ಇಲ್ಲ. ಖಾಲಿ ಸೈಟಿನ ಉತ್ತರಾಣಿ ಬೀಜ ಕಾಲಿಗೆ ಅಂಟಿಸಿಕೊಂಡು ಬಂದರೆ ಒತ್ತು ಹಲ್ಲು ಒಂದೊಂದನ್ನೇ ಹೆಕ್ಕುತ್ತದೆ, ಥೇಟ್ ಸೀರಣಿಗೆ.

ಬ್ರಷ್‌ನ ರಬ್ಬರ್ ಎರಡನೇ ಬೇಸಿಗೆಗೆ ಕಿತ್ತು ಬಂತು. ಟ್ರಿಮ್ಮರ್ ಬ್ಲೇಡ್ 10 ನಿಮಿಷಕ್ಕೆ ಕಾಯುತ್ತದೆ, ಪಾದಕ್ಕಷ್ಟೇ ಇಟ್ಟುಕೊಂಡಿದ್ದೇನೆ. ಬೇಸಿಗೆ ಬಂತು, ಬೋಳಿಸಿಬಿಡ್ರಿ ಅನ್ನುವವರು ಬಹಳ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೇ ಹೊಡೆಯುತ್ತದಲ್ವಾ? ನಾನು ಒಂದು ಇಂಚು ಉಳಿಸಿ ಕತ್ತರಿಸುತ್ತೇನೆ. ಚಪ್ಪಟೆ ಮೂತಿಯ ನಾಯಿಗೆ ತೇಕಿ ಮೈ ತಂಪು ಮಾಡಿಕೊಳ್ಳುವುದೇ ಕಷ್ಟ. 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ನಮ್ಮ ವಾಕಿಂಗ್ ಬೆಳಿಗ್ಗೆ 6ಕ್ಕೆ ಮುಂಚೆ.

ಕುಂದು ಇಲ್ಲ ಅಂತಲ್ಲ. ಒಮ್ಮೆ ಫರಸಿ ನೆಲಕ್ಕೆ ಬಿದ್ದು ಕೊನೆಯ ಹಲ್ಲು ಬಾಗಿತು, ಇಕ್ಕಳದಲ್ಲಿ ನೆಟ್ಟಗೆ ಮಾಡಿದೆ. ಚಳಿಗಾಲದಲ್ಲಿ ಒಣಗೂದಲು ಚಟಪಟ ಅಂತ ಹಣಿಗೆಗೆ ಅಂಟುತ್ತದೆ, ಮೊದಲು ಸ್ವಲ್ಪ ನೀರು ಚಿಮುಕಿಸಬೇಕು. ಹಿಡಿಕೆಯಂತೂ ಇಲ್ಲವೇ ಇಲ್ಲ, 20 ನಿಮಿಷಕ್ಕೆ ಬೆರಳು ನೋಯುತ್ತವೆ. ಅದಕ್ಕೇ ಅರ್ಧ ಸ್ಟಾರ್ ಕಡಿಮೆ. ಈಗ ಅವ್ವನ ಹಳೆ ಇಳಕಲ್ ಸೀರೆ ಚೂರು ಸುತ್ತಿಕೊಂಡಿದ್ದೇನೆ.