ಕಾಸರಗೋಡು–ಮಂಗಳೂರು ಸರ್ಕಾರಿ ಬಸ್: ಸೆಸ್ ರಸ್ತೆಗೆ, ಬಿಸಿಲು ಕಾಯುವವರಿಗೆ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಕುಂಬಳೆ, ಉಪ್ಪಳ, ಹೊಸಂಗಡಿ, ತಲಪಾಡಿ, ತೊಕ್ಕೊಟ್ಟು ದಾರಿಯಾಗಿ ಕೇರಳ, ಕರ್ನಾಟಕ ಎರಡೂ ಕಡೆಯ ಸರ್ಕಾರಿ ಬಸ್ಸುಗಳು ಓಡುತ್ತವೆ. ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲಕ್ಕೂ ಮಂಗಳೂರನ್ನೇ ನೆಚ್ಚಿಕೊಂಡ ಗಡಿನಾಡಿಗೆ ಇದು ಜೀವನಾಡಿ. ರೈಲು ಅಗ್ಗ ನಿಜ, ಆದರೆ ಅದರ ಹೊತ್ತಿಗೆ ನಾವು ಹೊಂದಿಕೊಳ್ಳಬೇಕು. ಬಸ್ಸಿಗೆ ಆ ಕಷ್ಟವಿಲ್ಲ. ಸೇವೆಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಸ್ಟಾಪುಗಳಿಗೆ ಮಾತ್ರ ಒಂದೇ ಅಂಕ. ಹೆದ್ದಾರಿ 66 ಷಟ್ಪಥವಾದ ಮೇಲೆ ಕಾಯುವವರು ಸರ್ವಿಸ್ ರಸ್ತೆಯಲ್ಲಿ, ವೇಗದ ಬಸ್ಸು ನಡುವಿನ ರಸ್ತೆಯಲ್ಲಿ. ಅದು ಕೆಳಗಿಳಿಯದಿದ್ದರೆ ಕೈ ಅಡ್ಡ ಹಿಡಿದೂ ಪ್ರಯೋಜನವಿಲ್ಲ. ಹತ್ತುವಾಗಲೇ "ನಮ್ಮ ಸ್ಟಾಪಿನಲ್ಲಿ ಸರ್ವಿಸ್ ರಸ್ತೆಗೆ ಇಳಿಯುತ್ತದಾ?" ಎಂದು ಕಂಡಕ್ಟರರನ್ನು ಕೇಳಿಕೊಳ್ಳಿ. ಎದುರು ಬದಿಗೆ ದಾಟಲು ಅಂಡರ್‌ಪಾಸ್ ಹುಡುಕಬೇಕು. ವಯಸ್ಸಾದವರು ಜೊತೆಗಿದ್ದರೆ ಹತ್ತು ನಿಮಿಷ ಮುಂಚೆ ಹೊರಡಿ.

ರಸ್ತೆಗೆ ಸಿಕ್ಕ ಹಣ ಸ್ಟಾಪಿಗೇಕೆ ಸಿಗಲಿಲ್ಲ? ಲೆಕ್ಕ ಹಾಕಿ ನೋಡಿ. ಬಸ್ಸು ಲೀಟರಿಗೆ ನಾಲ್ಕೈದು ಕಿ.ಮೀ. ಓಡುತ್ತದೆ ಎಂದುಕೊಂಡರೆ ಒಂದು ಟ್ರಿಪ್ಪಿಗೆ 10–12 ಲೀಟರ್ ಡೀಸೆಲ್. 2022ರ ಮೇ ತಿಂಗಳಲ್ಲಿ ಇಳಿಸಿದ ಮೇಲೆ ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ಸೆಸ್ (ಒಂದು ಗೊತ್ತಾದ ಉದ್ದೇಶಕ್ಕೆಂದು ಹಾಕುವ ತೆರಿಗೆ) ಡೀಸೆಲಿಗೆ ಲೀಟರಿಗೆ 2 ರೂಪಾಯಿಗೆ ನಿಂತಿತು. ಅಂದರೆ ಪ್ರತಿ ಟ್ರಿಪ್ಪಿನಲ್ಲಿ 20–24 ರೂಪಾಯಿ ಆ ಒಂದೇ ಬಾಬ್ತಿಗೆ. ತಲಪಾಡಿ ದಾಟಿದರೆ ಡೀಸೆಲ್ ಅಗ್ಗವೆಂದು ಕೇರಳದ ಗಾಡಿಗಳು ಅಲ್ಲಿ ಸಾಲು ನಿಲ್ಲುವುದು ರಾಜ್ಯಗಳ ತೆರಿಗೆಯ ವ್ಯತ್ಯಾಸದಿಂದ. ಈ ಸೆಸ್ ಎರಡು ಕಡೆಯೂ ಒಂದೇ. ಕೇರಳ 2023ರ ಏಪ್ರಿಲಿನಿಂದ ಹಾಕಿದ ಇನ್ನೊಂದು 2 ರೂಪಾಯಿ ಸಾಮಾಜಿಕ ಭದ್ರತೆಗೆ ಹೋಗುತ್ತದೆ, ಅದಕ್ಕೆ ತಕರಾರಿಲ್ಲ. ಆದರೆ ಲೀಟರಿಗೆ ಇಷ್ಟು ಪೈಸೆ ಬಸ್ಸಿಗೆ ಎಂದು ಎತ್ತಿಟ್ಟ ಪಾಲು ಎರಡರಲ್ಲೂ ಇಲ್ಲ.

ಅಮೆರಿಕದಲ್ಲಿ ಇದೆ. ಅಲ್ಲಿ ಪೆಟ್ರೋಲಿನ ಕೇಂದ್ರ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, ಅದರಲ್ಲಿ 2.86 ಸೆಂಟ್ ಸಾರ್ವಜನಿಕ ಸಾರಿಗೆಯ ಖಾತೆಗೆ. 1982ರ ಕಾನೂನು ಒಂದು ಸೆಂಟಿನಿಂದ ಅದನ್ನು ಶುರು ಮಾಡಿತು. ಅವರ ತಪ್ಪನ್ನೂ ಗಮನಿಸಬೇಕು: 1993ರ ನಂತರ ತೆರಿಗೆ ದರ ಏರಲೇ ಇಲ್ಲ, ಬೆಲೆಗಳು ಏರಿದವು, 2008ರಿಂದ ಆ ತೆರಿಗೆ ಸೇರುವ ನಿಧಿಗೆ ಬೊಕ್ಕಸದಿಂದ ತುಂಬಿಸಬೇಕಾಯಿತು. ನಮ್ಮಲ್ಲಿ ತರುವುದಾದರೆ ಪೈಸೆಯಲ್ಲಿ ಬೇಡ, ಬೆಲೆಯ ಶೇಕಡಾವಾರು ಪಾಲಾಗಿರಲಿ. ಮೊದಲ ಕಂತಿನಲ್ಲಿ ಕುಂಬಳೆ, ಉಪ್ಪಳ, ಹೊಸಂಗಡಿಯಲ್ಲಿ ರಸ್ತೆಯ ಎರಡೂ ಬದಿಗೆ ಮಾಡು, ಬೆಂಚು, ದೀಪ, ಕನ್ನಡದಲ್ಲೂ ಬರೆದ ವೇಳಾಪಟ್ಟಿ ಬರಲಿ.