ಮೂರು ಅಂತಸ್ತಿನ ಗೊಬ್ಬರದ ಮಡಕೆ: ಕೊಳ್ಳುವ ಮುನ್ನ ಕಸ ತೂಗಿ ನೋಡಿ

ಬಡ ದೇಶಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಕಸದ ಗಾಡಿ ಸರಿಯಾಗಿ ಬಾರದ ಬೀದಿಯಲ್ಲಿ ಮೊದಲು ನಾರುವುದು ಅದು. ಕಾಗದ, ಪ್ಲಾಸ್ಟಿಕ್‌ಗೆ ಮೆತ್ತಿಕೊಂಡು ಅವನ್ನೂ ಗುಜರಿಯವರು ಮುಟ್ಟದಂತೆ ಮಾಡುತ್ತದೆ. ತಿಪ್ಪೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಅದನ್ನು ಮನೆಯಲ್ಲೇ ಗೊಬ್ಬರವಾಗಿಸುವ ಸಾಧನಗಳಲ್ಲಿ ಮೂರು ಅಂತಸ್ತಿನ ಮಣ್ಣಿನ ಮಡಕೆಗೆ ನಮ್ಮ ಮೊದಲ ಮತ, ಒಂದು ಷರತ್ತಿನ ಮೇಲೆ.

ರಚನೆ ಸರಳ. ಮೇಲಿನ ಎರಡು ಮಡಕೆಗಳಿಗೆ ತಳವಿಲ್ಲ, ಅಡ್ಡಡ್ಡ ಹೆಣೆದ ಹಗ್ಗವಿದೆ. ಕೆಳಗಿನದಕ್ಕೆ ಮುಚ್ಚಿದ ತಳ. ಬದಿಯ ರಂಧ್ರಗಳಿಂದ ಗಾಳಿ ಆಡುತ್ತದೆ. ಸುಟ್ಟ ಮಣ್ಣು ಹೆಚ್ಚಿನ ತೇವವನ್ನು ಹೊರಗೆ ಆರಿಸುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಈ ಗುಣವಿಲ್ಲ. ಹಗ್ಗದ ಮೇಲೆ ಎರಡು ಪದರ ಹಳೆಯ ಪತ್ರಿಕೆ ಹಾಸಿ, ಹಸಿ ಕಸವನ್ನು 2–3 ಸೆಂ.ಮೀ. ತುಂಡು ಮಾಡಿ ಹಾಕಿ. ಮೇಲೆ ಕಸದಷ್ಟೇ ಪ್ರಮಾಣದ ತರಗೆಲೆ, ಮರದ ಹೊಟ್ಟು ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುಚ್ಚಿ. ಮೇಲಿನದು ತುಂಬಿದಾಗ ಮಧ್ಯಕ್ಕೆ ಇಳಿಸಿ, ಮಧ್ಯದ್ದನ್ನು ಕೆಳಗಿನದಕ್ಕೆ ಸುರಿದು ಮೇಲಕ್ಕೆ ಏರಿಸಿ. ಜೊತೆಗೆ ಕೊಡುವ ಸೂಕ್ಷ್ಮಜೀವಿ ಪುಡಿ ಅನಿವಾರ್ಯವಲ್ಲ, ಒಂದು ಹಿಡಿ ಹಳೆ ಗೊಬ್ಬರ ಸಾಕು.

ಷರತ್ತು ಸಮಯದ್ದು. 30 ಲೀಟರಿನ ಮಡಕೆಗೆ ದಿನಕ್ಕೆ ಸುಮಾರು 600 ಗ್ರಾಂ ಕಸ ಬಿದ್ದರೆ, ರಾಶಿ ಕುಗ್ಗುತ್ತ ಹೋಗುವುದರಿಂದ ತುಂಬಲು 25 ದಿನದ ಹತ್ತಿರ ಹಿಡಿಯುತ್ತದೆ. ಆಮೇಲೆ ಮಧ್ಯದಲ್ಲಿ 25, ಕೆಳಗೆ 25, ಒಟ್ಟು 50 ದಿನ ಮಾಗುತ್ತದೆ. ದಿನಕ್ಕೆ 1 ಕಿಲೋ ಹಾಕಿದರೆ 15 ದಿನಕ್ಕೇ ತುಂಬಿ, ಮಾಗಲು 30 ದಿನವಷ್ಟೇ ಸಿಗುತ್ತದೆ. ಆಗ ಹೊರಬರುವುದು ಅರೆಬೆಂದ ಗೊಬ್ಬರ. ಗಿಡಕ್ಕೆ ಹಾಕಿದರೆ ಮಣ್ಣಿನ ಸಾರಜನಕವನ್ನು ಅದೇ ಎಳೆದುಕೊಂಡು ಎಲೆ ಹಳದಿಯಾಗುತ್ತದೆ. ಜನ ಬೇಸತ್ತು ಮಡಕೆಯನ್ನು ಮೂಲೆಗೆ ಸೇರಿಸುವುದು ಇಲ್ಲೇ. ಆದ್ದರಿಂದ ಒಂದು ವಾರ ನಿಮ್ಮ ಹಸಿ ಕಸ ತೂಗಿ. 600 ಗ್ರಾಂ ಮೀರಿದರೆ ತಳ ಮುಚ್ಚಿದ ನಾಲ್ಕನೆಯ ಮಡಕೆಯನ್ನೂ ಕೊಂಡುಬಿಡಿ.

ದುರ್ವಾಸನೆ ಮಡಕೆಯ ದೋಷವಲ್ಲ, ತೇವದ ದೋಷ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಒಣ ಎಲೆ ಸೇರಿಸಿ ಬುಡದಿಂದ ಕೆದಕಿ. ಕೊಳೆತ ಮೊಟ್ಟೆಯ ನಾತ ಅಂದರೆ ಗಾಳಿ ಸಾಲದು, ಮೂಗಿಗೆ ಚುಚ್ಚುವ ಅಮೋನಿಯಾ ಅಂದರೆ ಒಣ ಪದಾರ್ಥ ಸಾಲದು. ಇರುವೆ ಬಂದರೆ ರಾಶಿ ತೀರಾ ಒಣಗಿದೆ. ದಪ್ಪ ಕಂದು ಹುಳುಗಳಿಗೆ ಹೆದರಬೇಡಿ: ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ಕರಗಿಸುತ್ತವೆ.

ರೋಗಾಣು ಸಾಯಲು ಬೇಕಾದ 55 ಡಿಗ್ರಿ ಶಾಖ ಇಷ್ಟು ಚಿಕ್ಕ ರಾಶಿಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಡಯಾಪರ್, ಸಾಕುಪ್ರಾಣಿಯ ಮಲ, ರೋಗದ ಗಿಡ ಖಂಡಿತ ಬೇಡ.

ನಿಜವಾದ ಕೊರತೆ ಹಗ್ಗದ್ದು. ತುಂಬಿದ ಮಡಕೆ ಎತ್ತುವಾಗ ಗಂಟು ಜಾರುತ್ತದೆ, ಅಂಚು ಬಿರಿಯುತ್ತದೆ. ಮೊದಲ ದಿನವೇ ನೈಲಾನ್ ಹಗ್ಗದಿಂದ ಬಿಗಿದು, ಎತ್ತಲು ಇಬ್ಬರಿರಿ.

ಗೊಬ್ಬರ ಬಲಿತಿದೆಯೇ ತಿಳಿಯಲು ಒದ್ದೆ ಹಿಡಿಯೊಂದನ್ನು ಚೀಲದಲ್ಲಿ ಕಟ್ಟಿ 3 ದಿನ ಬಿಡಿ. ಬಿಚ್ಚಿದಾಗ ಮಣ್ಣಿನ ವಾಸನೆಯಷ್ಟೇ ಬರಬೇಕು. ಜರಡಿಯಲ್ಲಿ ಉಳಿದ ತರಿಯನ್ನು ಮೇಲಿನ ಖಾಲಿ ಮಡಕೆಯ ಪತ್ರಿಕೆಯ ಮೇಲೆ ಹಾಸಿ, ಮುಂದಿನ ಕಸಕ್ಕೆ ಅದೇ ಹೆಪ್ಪು.